ಅಳಿಯನ ಪಿಯಾನೊ, ಅತ್ತೆಯ ಸೌಟು

“ಕೂತ್ಕೊಳ್ಳಿ ಮಾಮೊ, ಹೇಳ್ತೀನಿ. ಎಲ್ರೂ ಕೇಳೋದು ಒಂದೇ, ಇದು ಯಾವಾಗ ಮುಗಿಯುತ್ತೆ, ಇದರಲ್ಲಿ ಹಾಡು ಎಲ್ಲಿದೆ ಅಂತ. ನಾನು ಹಾಡು ಹುಡುಕೋದಿಲ್ಲ. ಎಡಗೈಗೆ ನಾಲ್ಕು ಸ್ವರ ಕೊಡ್ತೀನಿ, ಬಲಗೈಗೆ ಐದು. ಮೊದಲೇ ಬರೆದಿಟ್ಕೊಂಡದ್ದು ಏನೂ ಇಲ್ಲ, ಆ ಹೊತ್ತಿಗೆ ಕೈಗೆ ಏನು ಬಂತೋ ಅದು. ಬಂದ ಮೇಲೆ ಅದನ್ನ ಬಿಡೋದಿಲ್ಲ, ಅಷ್ಟೆ. ಅದನ್ನೇ ನುಡಿಸ್ತಾ ಹೋಗ್ತೀನಿ. ಹತ್ತು ಸಲ ಕೇಳಿದ್ರೆ ಬೇಜಾರು ಬರುತ್ತೆ. ಐವತ್ತು ಸಲಕ್ಕೆ ಸಿಟ್ಟು ಬರುತ್ತೆ. ಇನ್ನೂರು ಸಲ ಆಗೋ ಹೊತ್ತಿಗೆ ಸಿಟ್ಟಿಗೇ ಸುಸ್ತಾಗಿ ಎದ್ದು ಹೋಗುತ್ತೆ. ಆಮೇಲೆ ನೋಡಿ, ಕೇಳೋದು ಶುರುವಾಗೋದು! ಒಂದು ಸ್ವರದ ಹೊಟ್ಟೆಯೊಳಗೆ ಇನ್ನೊಂದು ಕೂತಿರುತ್ತೆ, ಅದು ಮೆಲ್ಲಗೆ ತಲೆ ಹೊರಗೆ ಹಾಕುತ್ತೆ. ನೀವು ದಿನಾ ಹಿಟ್ಟು ನಾದ್ತೀರಲ್ಲ, ಅದೇ ಹಿಟ್ಟು, ಅದೇ ಕೈ. ಆದ್ರೆ ಒಂದು ಹೊತ್ತಿಗೆ ಹಿಟ್ಟೇ ‘ಇನ್ನು ಸಾಕು’ ಅನ್ನುತ್ತಲ್ವಾ? ಹಾಗೆ. ಯಾವಾಗ ಬದಲಾಯಿಸ್ಬೇಕು ಅಂತ ನಾನು ಯೋಚಿಸೋದೇ ಇಲ್ಲ. ಯೋಚಿಸಿದ್ರೆ ಕೆಟ್ಟುಹೋಗುತ್ತೆ. ಈ ಮನೆಗೆ ಕಿವಿ ಇದೆ ಮಾಮೊ. ‘ಸಾಕು, ಮುಂದೆ ಹೋಗು’ ಅಂತ ಅದೇ ಹೇಳುತ್ತೆ. ಎರಡು ವರ್ಷದಲ್ಲಿ ಒಂದು ಸಲವೂ ತಪ್ಪಾಗಿ ಹೇಳಿಲ್ಲ.”

ಇದು ನನ್ನ ಅಳಿಯ ವಾರೆನ್ ಒಂದು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ ಮಾತು. ಹೇಳಿ ಮುಗಿಸಿ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟೊಂದು ಇದೆಯೆಂಬಂತೆ ನನ್ನನ್ನೇ ನೋಡಿ ನಕ್ಕ. ಅದಕ್ಕೆ ನಾನು ಕೊಟ್ಟ ಉತ್ತರ ಇಷ್ಟು: “ಬೀಟ್‌ರೂಟ್ ಸಾರು ಇನ್ನೊಂದು ಸೌಟು ಹಾಕಲೇನಪ್ಪ?”

ಅವನ ಮಾತನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೇನೆ ನೋಡಿ. ನಾನು ಓದಿದ್ದು ಮೂರೇ ಕ್ಲಾಸು. ನಾಲ್ಕನೆಯದಕ್ಕೆ ಹೋಗುವ ಹೊತ್ತಿಗೆ, ಶಾಲೆಗಿಂತ ನಮ್ಮ ಹಸುವಿಗೆ ನನ್ನ ಅಗತ್ಯ ಹೆಚ್ಚಿದೆಯೆಂದು ಅಪ್ಪ ತೀರ್ಮಾನಿಸಿದ. ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲದವರು ಕಿವಿಯಲ್ಲೇ ಬರೆದಿಟ್ಟುಕೊಳ್ಳಬೇಕು. ಹಾಗಾಗಿ ನನ್ನ ಕಿವಿಯ ಬಗ್ಗೆ ನನಗೆ ಜಂಬವಿತ್ತು. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿದರೆ ಸಾಕು, ಯಾವ ಮಹಡಿಯವರು, ಕೈಯಲ್ಲಿ ಚೀಲವಿದೆಯೋ ಇಲ್ಲವೋ, ಗಂಡಹೆಂಡತಿ ಮಾತು ಬಿಟ್ಟಿದ್ದಾರೋ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. (ಮೂರನೇ ಮಹಡಿಯವನು ಕುಡಿದು ಬಂದರೆ ಪ್ರತಿ ಮೆಟ್ಟಿಲಿಗೂ ಬಲಗಾಲನ್ನು ಎರಡು ಸಲ ಇಡುತ್ತಾನೆ, ಒಮ್ಮೆ ಮೆಟ್ಟಿಲಿದೆಯೇ ಎಂದು ನೋಡಲು, ಇನ್ನೊಮ್ಮೆ ಹತ್ತಲು.) ಜಂಬವಿತ್ತು ಎಂದೆ. ಈಗಿಲ್ಲ. ಅದು ಹೋದ ಬಗೆಯನ್ನು ನಾಚಿಕೆ ಬಿಟ್ಟು ಹೇಳುತ್ತೇನೆ, ಅಥವಾ ನಾಚಿಕೆಪಟ್ಟುಕೊಂಡೇ ಹೇಳುತ್ತೇನೆ.

ನ್ಯೂಯಾರ್ಕಿನ ಏಳನೇ ಬೀದಿಯಲ್ಲಿರುವ ಈ ಐದಂತಸ್ತಿನ ಕಟ್ಟಡವನ್ನು ನೋಡಿಕೊಳ್ಳುವವನು ನನ್ನ ಗಂಡ ಓಸಿಪ್. ಅಂದರೆ ನೆಲಮಾಳಿಗೆಯ ಬಾಯ್ಲರ್, ಮೆಟ್ಟಿಲು, ಕಸದ ಡಬ್ಬ ಮತ್ತು ಬಾಡಿಗೆದಾರರ ಬೈಗುಳ, ಇವಿಷ್ಟಕ್ಕೂ ಅವನೇ ಚಕ್ರವರ್ತಿ. ನಾವಿರುವುದು ಕೆಳಗಿನ ಮನೆಯಲ್ಲಿ. ನಮ್ಮ ತಲೆಯ ಮೇಲೆ ಮಗಳು ಲ್ಯೂಬಾ, ಅಳಿಯ ವಾರೆನ್. ಅಳಿಯ ನಮ್ಮ ಉಕ್ರೇನಿನವನಲ್ಲ, ಎಲ್ಲೋ ಜೋಳದ ಹೊಲಗಳ ಕಡೆಯಿಂದ ಬಂದ ಅಮೆರಿಕದವನು. ಆದರೂ ನಮ್ಮವರ ಹಾಗೆ ನನ್ನನ್ನು ಬಾಯ್ತುಂಬ ಮಾಮೊ, ಅಮ್ಮ, ಎಂದು ಕರೆಯುತ್ತಾನೆ. ಒಳ್ಳೆಯ ಹುಡುಗ. ಕುಡಿಯುವುದಿಲ್ಲ, ಎದುರು ಮಾತಿಲ್ಲ, ಹಾಕಿದ್ದನ್ನು ಉಣ್ಣುತ್ತಾನೆ. ಇರುವುದೊಂದೇ ಕೊರತೆ, ಪಿಯಾನೊ.

ಆ ಪಿಯಾನೊ ಮೆಟ್ಟಿಲಲ್ಲಿ ಹಿಡಿಸದೆ, ಕಿಟಕಿ ಕಳಚಿ, ಹಗ್ಗ ಕಟ್ಟಿ ಮೇಲೇರಿಸಬೇಕಾಯಿತು. ಅದು ಗಾಳಿಯಲ್ಲಿ ತೂಗಾಡುವಾಗ ಕೆಳಗೆ ನಿಂತ ಇಡೀ ಬೀದಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿತು. ನಾನು ಮಾತ್ರ ತಲೆಯೆತ್ತಿ ನಿಂತು ಬಂದವರಿಗೆಲ್ಲ ಹೇಳಿದೆ, “ನಮ್ಮ ಅಳಿಯಂದು. ದೊಡ್ಡ ವಿದ್ವಾಂಸ.” ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರನ್ನೂ ಕರೆದು ಕ್ರಿಸ್‌ಮಸ್ ಹಾಡು ನುಡಿಸಿಸಬೇಕು, ನಾಲ್ಕು ಜನ ಕಣ್ಣೊರೆಸಿಕೊಳ್ಳಬೇಕು ಎಂದೆಲ್ಲ ಮನಸ್ಸಿನಲ್ಲೇ ಏರ್ಪಾಡು ಮಾಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮೇಲಿನಿಂದ ಬಂತು ಟಿಂ ಟಿಂ ಟಿಂ ಟಿಂ. ಸರಿ, ಶ್ರುತಿ ನೋಡುತ್ತಿದ್ದಾನೆ ಎಂದುಕೊಂಡೆ. ಮಧ್ಯಾಹ್ನದವರೆಗೂ ಶ್ರುತಿ ನೋಡಿದ. ಮರುದಿನವೂ ನೋಡಿದ. ಒಂದು ವಾರವಾದ ಮೇಲೆ ನನಗೆ ಅರ್ಥವಾಯಿತು, ಇದೇ ಕಛೇರಿ!

ನನ್ನ ತಾಳ್ಮೆ ದೊಡ್ಡದು. ಓಸಿಪ್ ಜೊತೆ ನಲವತ್ತೊಂದು ವರ್ಷ ಬಾಳಿದವಳಿಗೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಕಟ್ಟಡದ ಮನೆಗಳಲ್ಲಿ ಸ್ನಾನದ ತೊಟ್ಟಿ ಇರುವುದು ಅಡುಗೆಮನೆಯಲ್ಲೇ. ಅದರ ಮೇಲೊಂದು ಹಲಗೆ ಮುಚ್ಚಿದರೆ ಅದೇ ಮೇಜು. ಆ ಹಲಗೆಯ ಮೇಲೆ ಹಿಟ್ಟು ಲಟ್ಟಿಸಿ, ಆಲೂಗಡ್ಡೆ ತುಂಬಿ ವರೆನಿಕಿ ಮಡಿಸುತ್ತ ನಾನು ಕೇಳುತ್ತಿದ್ದೆ. ಎಡಗೈ ನಾಲ್ಕು, ಬಲಗೈ ಐದು. ಒಂದೇ ಮನೆಯಿಂದ ಹೊರಟು ಬೇರೆ ಬೇರೆ ದಾರಿ ಹಿಡಿದ ಅಣ್ಣತಮ್ಮಂದಿರ ಹಾಗೆ ಅವು ದೂರ ಹೋಗಿ, ಇಪ್ಪತ್ತನೇ ಏಟು ಕಳೆದ ಕೂಡಲೇ ಮತ್ತೆ ಬಾಗಿಲಲ್ಲಿ ಒಟ್ಟಿಗೆ ನಿಲ್ಲುತ್ತಿದ್ದವು. ಅವು ಬಾಗಿಲಿಗೆ ಬಂದಾಗಲೆಲ್ಲ ನನ್ನ ಬೆರಳು ಒಂದು ವರೆನಿಕಿಯ ಅಂಚು ಮುಚ್ಚಿ ಮುಗಿಸಿರುತ್ತಿತ್ತು. ಅದು ಚೆನ್ನಾಗಿದೆಯೆಂದು ನನಗೆ ಅನ್ನಿಸಿತ್ತೇ? ಅನ್ನಿಸಿತ್ತು. ಯಾರ ಹತ್ತಿರವಾದರೂ ಹೇಳಿದೆನೇ? ಇಲ್ಲ. ಅದೇ ನನ್ನ ಮೊದಲ ಪಾಪ.

ಓಸಿಪ್‌ನದು ನೇರ ಮಾತು. ಊಟಕ್ಕೆ ಬಂದವನು ಮೇಲೆ ನೋಡಿ, “ನಿನ್ನ ಅಳಿಯ ಮತ್ತೆ ಮೊಳೆ ಹೊಡೀತಾ ಇದಾನೆ” ಎನ್ನುತ್ತಿದ್ದ.

“ನನ್ನ ಅಳಿಯ ಅಂದ್ರೆ? ನಿನಗೇನಾಗ್ಬೇಕು ಅವನು?”

“ತಲೆನೋವಾಗ್ಬೇಕು.”

“ನಿನಗೆ ಒಂದು ಕಿವಿ ಕೇಳ್ಸೋದೇ ಇಲ್ವಲ್ಲ, ನೋವು ಅರ್ಧ ತಲೆಗೇ ಇರ್ಬೇಕು.”

“ಇನ್ನೊಂದು ಕಿವಿಯಲ್ಲಿ ನೀನಿದ್ದೀಯಲ್ಲ ಯೂಸ್ತಾ, ಅಲ್ಲಿಗೆ ಪೂರ್ತಿಯಾಯ್ತು.”

ಓಸಿಪ್‌ನನ್ನು ಊಟಕ್ಕೆ ಕರೆಯುವ ವಿಧಾನವನ್ನು ಇಲ್ಲಿ ಹೇಳಿಬಿಡಬೇಕು. ಅವನು ಹಗಲೆಲ್ಲ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿನ ಬಾಯ್ಲರಿನಿಂದ ಹೊರಟ ಉಗಿ ಪೈಪು ನಮ್ಮ ಅಡುಗೆಮನೆಯ ಮೂಲೆ ಹಿಡಿದು, ಲ್ಯೂಬಾಳ ಮನೆ ತೂರಿ, ಐದನೇ ಮಹಡಿಯವರೆಗೂ ಹೋಗುತ್ತದೆ. ಸೌಟಿನಿಂದ ಆ ಪೈಪಿಗೆ ಒಂದು ಏಟು ಕೊಟ್ಟರೆ ಊಟ ಆಯಿತು ಬಾ. ಎರಡು ಏಟು, ಚಳಿ, ಉಗಿ ಬಿಡು. ಮೂರು ಏಟು, ಯಾರೋ ಬಂದಿದ್ದಾರೆ, ಅಂಗಿ ಹಾಕಿಕೊಂಡು ಬಾ. ಹೀಗೆ ದಿನಕ್ಕೆ ಏಳೆಂಟು ಸಲ ತಟ್ಟುತ್ತಿದ್ದೆ. ತಟ್ಟಿದ ಮೇಲೆ ನನಗೆ ಪುರುಸೊತ್ತೆಲ್ಲಿ? ತಟ್ಟೆ ಜೋಡಿಸಬೇಕು, ಬ್ರೆಡ್ಡು ಕೊಯ್ಯಬೇಕು, ಓಸಿಪ್ ಬಂದು ಬೂಟು ಕಳಚಿ ಎಸೆಯಬೇಕು. ಆ ಗದ್ದಲದಲ್ಲಿ ಮೇಲಿನ ಮನೆಯ ಕಡೆ ಗಮನವಿರುತ್ತಿರಲಿಲ್ಲ. ಎಲ್ಲ ತಣ್ಣಗಾದ ಮೇಲೆ ಕಿವಿಗೊಟ್ಟರೆ ಮೇಲೆ ಬೇರೇನೋ ನಡೆಯುತ್ತಿರುತ್ತಿತ್ತು. ‘ಸದ್ಯ, ಹುಡುಗನಿಗೆ ಬುದ್ಧಿ ಬಂತು’ ಎಂದುಕೊಂಡು ಸಾರಿಗೆ ಕ್ರೀಮ್ ಹಾಕುತ್ತಿದ್ದೆ.

ಇನ್ನು ಎರಡನೇ ಪಾಪ.

ಶುಕ್ರವಾರ ನಾವು ಹದಿನಾಲ್ಕು ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಕೂತು ವರೆನಿಕಿ ಮಾಡುತ್ತೇವೆ. ಮಾರಿ ಬಂದದ್ದು ಚರ್ಚಿಗೆ. ಅಲ್ಲಿ ಕೈಗಿಂತ ಬಾಯಿಗೇ ಕೆಲಸ ಹೆಚ್ಚು. ಒಂದು ಶುಕ್ರವಾರ ಪಾನಿ ತೆಕ್ಲಾ (ನಮ್ಮಲ್ಲಿ ಮರ್ಯಾದಸ್ಥ ಹೆಂಗಸರನ್ನೆಲ್ಲ ಪಾನಿ ಎನ್ನಬೇಕು, ತೆಕ್ಲಾಳನ್ನಂತೂ ಎನ್ನಲೇಬೇಕು) ಹಿಟ್ಟಿನಿಂದ ತಲೆಯೆತ್ತದೆ ಕೇಳಿದಳು: “ಯೂಸ್ತಿನಾ, ನಿನ್ನೆ ನಿಮ್ಮ ಮನೆ ಮುಂದೆ ಹೋದೆ ಕಣೇ. ಮೀನಿನ ಅಂಗಡಿಗೆ ಹೋಗೋವಾಗ್ಲೂ ಟಿಂ ಟಿಂ. ಮೀನು ಆರಿಸಿ, ಜಗಳ ಆಡಿ, ವಾಪಸ್ ಬರೋವಾಗ್ಲೂ ಅದೇ ಟಿಂ ಟಿಂ. ನಿಮ್ಮ ಪಿಯಾನೊ ಏನಾದ್ರೂ ಕೆಟ್ಟಿದೆಯಾ?”

ಇಪ್ಪತ್ತಾರು ಕೈಗಳು ಒಟ್ಟಿಗೆ ನಿಂತವು. ‘ಅದೇ ಅವನ ಸಂಗೀತ’ ಎಂದು ನಾನು ಹೇಳಬೇಕಿತ್ತು. ಕಿಟಕಿ ಕಳಚಿದ ದಿನ ಕೊಚ್ಚಿಕೊಂಡ ಜಂಬ ಗಂಟಲಲ್ಲಿ ಅಡ್ಡ ನಿಂತಿತು.

“ಪಿಯಾನೊ ಚೆನ್ನಾಗಿದೆ” ಎಂದೆ. “ಬೆರಳು ಕೆಟ್ಟಿದೆ.”

“ಅಯ್ಯೋ ದೇವರೇ! ಯಾರ ಬೆರಳು?”

“ವಾರೆನ್‌ದು. ನರದ ಕಾಯಿಲೆ. ದಿನಕ್ಕೆ ಸಾವಿರ ಸಲ ಒಂದೇ ಥರ ಆಡಿಸ್ಬೇಕು ಅಂತ ಡಾಕ್ಟರು ಹೇಳಿದಾರೆ.”

ಬಾಯಿಂದ ಬಿದ್ದ ಸುಳ್ಳು ನೆಲ ಮುಟ್ಟುವ ಮೊದಲೇ ಹದಿಮೂರು ಹೆಂಗಸರು ಅದನ್ನು ಎತ್ತಿ ತೊಟ್ಟಿಲಿಗೆ ಹಾಕಿದರು. ಒಬ್ಬಳ ಕಣ್ಣಲ್ಲಿ ನೀರು. ಇನ್ನೊಬ್ಬಳ ಸೋದರಮಾವನಿಗೂ ಹೀಗೇ ಆಗಿತ್ತಂತೆ. ಮುಂದಿನ ಶುಕ್ರವಾರ ತೆಕ್ಲಾ ಒಂದು ಬಾಟಲಿ ಹೆಬ್ಬಾತಿನ ಕೊಬ್ಬು ತಂದು ಕೊಟ್ಟಳು. “ಬಿಸಿ ಮಾಡಿ, ಬೆರಳ ಬುಡದಿಂದ ತುದಿಗೆ ಹಚ್ಚು. ತುದಿಯಿಂದ ಬುಡಕ್ಕಲ್ಲ, ನೆನಪಿರ್ಲಿ.” ಪಾದ್ರಿಗಳು ಭಾನುವಾರದ ಪ್ರಾರ್ಥನೆಯಲ್ಲಿ ರೋಗಿಗಳ ಹೆಸರು ಓದುವಾಗ ‘ದೇವರ ಸೇವಕ ವಾರೆನ್’ ಎಂದೂ ಸೇರಿಸತೊಡಗಿದರು. ನನ್ನ ಅಳಿಯ ಪ್ರಾರ್ಥನೆಗೆ ಬರುವವನಲ್ಲ, ಬದುಕಿದೆ.

ಆ ಕೊಬ್ಬಿನಲ್ಲಿ ನಾನು ಆಲೂಗಡ್ಡೆ ಹುರಿದೆ. ವಾರೆನ್ ಎರಡು ಸಲ ಹಾಕಿಸಿಕೊಂಡು ತಿಂದ. ಹೊರಗಿನಿಂದ ಹಚ್ಚದಿದ್ದರೂ ಒಳಗಿನಿಂದ ಹಚ್ಚಿದಂತಾಯಿತಲ್ಲ ಎಂದು ನನ್ನ ಅಂತಃಸಾಕ್ಷಿಗೆ ಸಮಾಧಾನ ಹೇಳಿದೆ. ಎರಡು ಚಳಿಗಾಲದಲ್ಲಿ ಐದು ಬಾಟಲಿ ಬಂದವು.

ಹೀಗಿರುವಾಗ ಲ್ಯೂಬಾ ಬಸುರಿಯಾದಳು. ವಸಂತಕ್ಕೆ ಹೆರಿಗೆ. ಓಸಿಪ್ ಒಂದು ದಿನ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಘೋಷಿಸಿದ: “ಸಾಕು ಟಿಂ ಟಿಂ. ಮಾಂಸದ ಉಗ್ರಾಣದಲ್ಲಿ ಮೇಸ್ತ್ರಿ ಹತ್ರ ಮಾತಾಡಿದೀನಿ. ಸೋಮವಾರ ಬೆಳಿಗ್ಗೆ ಹುಡುಗ ನನ್ನ ಜೊತೆ ಬರ್ಲಿ.” ಆ ಉಗ್ರಾಣ ನನಗೆ ಗೊತ್ತು. ಹತ್ತು ವರ್ಷ ಅಲ್ಲಿ ಹಂದಿ ಹೊತ್ತ ನನ್ನ ತಮ್ಮನ ಬೆರಳುಗಳು ಇವತ್ತಿಗೂ ಅಂಗಿಯ ಗುಂಡಿ ಹಾಕುವುದಿಲ್ಲ. ನಾನು ಕಟ್ಟಿದ ಸುಳ್ಳು ಹೊಸ ಬೂಟು ಹಾಕಿಕೊಂಡು ನಿಜವಾಗಲು ಹೊರಟಿತ್ತು.

ವಾರೆನ್ ಎದುರಾಡಲಿಲ್ಲ. ಅದಕ್ಕೆ ಮುಂಚಿನ ಭಾನುವಾರ ಒಂದೇ ಒಂದು ಸಲ ಜನರನ್ನು ಕರೆದು ಮನೆಯಲ್ಲಿ ನುಡಿಸುತ್ತೇನೆ ಎಂದ. ಎಲ್ಲೋ ಬಡಗಣ ಗುಡ್ಡದ ಕಡೆಯ ಒಂದು ಕಾಲೇಜಿನಲ್ಲಿ ಸಂಗೀತದ ಮುಖ್ಯಸ್ಥೆಯಾಗಿರುವ ಮಿಸೆಸ್ ಪ್ರೆಂಟಿಸ್ ಕೇಳಲು ಬರುತ್ತಾರೆ. ಅವರಿಗೆ ಹಿಡಿಸಿದರೆ ಕೆಲಸ. ಹಿಡಿಸದಿದ್ದರೆ ಸೋಮವಾರ ಹಂದಿ.

ಶನಿವಾರ ಲ್ಯೂಬಾ ಹೊಟ್ಟೆ ಹಿಡಿದುಕೊಂಡು ಇಳಿದು ಬಂದಳು.

“ಮಾಮೊ, ಒಂದು ಮಾತು. ನಾಳೆ ಮೂರು ಗಂಟೆಯಿಂದ ನಿನ್ನ ಆ ಸೌಟು ಪೈಪಿಗೆ ತಾಗಬಾರದು.”

“ಅಪ್ಪನ್ನ ಊಟಕ್ಕೆ...”

“ಅಪ್ಪ ಒಂದಿನ ತಾನೇ ಬಡಿಸ್ಕೊಂಡು ತಿನ್ಲಿ.”

“ನಲವತ್ತೊಂದು ವರ್ಷದಲ್ಲಿ...”

“ಮಾಮೊ!”

“ಆಯ್ತು ತಾಯಿ, ಆಯ್ತು. ವಾರೆನ್ ಹೇಳಿ ಕಳಿಸಿದ್ನಾ?”

“ಅವನು ಹೇಳ್ತಾನಾ? ನಿನ್ನ ಏಟಿಗೆ ನಾನೇ ಬೆಚ್ಚಿಬೀಳ್ತೀನಿ. ಪಾಪ, ನುಡಿಸೋವನಿಗೆ ಹೇಗಾಗ್ಬೇಕು!”

ಎರಡು ವರ್ಷದಿಂದ ಹುಡುಗನಿಗೆ ತೊಂದರೆ ಕೊಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಭಾನುವಾರ ಸೌಟನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಫೆಬ್ರವರಿಯ ಚಳಿ, ಓಸಿಪ್ ಬಾಯ್ಲರ್ ಬಿಟ್ಟು ಕದಲುವಂತಿರಲಿಲ್ಲ. ಅವನಿಗೆ ಹೇಳಿದೆ: “ಸಾರು ಒಲೆ ಮೇಲಿದೆ. ಹಸಿವಾದ್ರೆ ಬಂದು ಹಾಕ್ಕೋ. ಇಲ್ಲಾಂದ್ರೆ ಮುಗಿದ ಕೂಡ್ಲೇ ನಾನೇ ಇಳಿದು ಬಂದು ಕರೀತೀನಿ. ಒಂದು ಗಂಟೆ ಅಷ್ಟೇ.”

“ಚರ್ಚಲ್ಲಿ ಪ್ರಸಾದ ತಗೊಳ್ಬೇಕು ಅಂತ ಬೆಳಿಗ್ಗೆ ಉಪವಾಸ, ಆಮೇಲೆ ಈ ಬಾಯ್ಲರು. ಇನ್ನೂ ಏನೂ ತಿಂದಿಲ್ಲ” ಎಂದ ಓಸಿಪ್, ಹುತಾತ್ಮನ ದನಿಯಲ್ಲಿ.

“ಬಟ್ಟಲು ಸಾರಿಗೆ ಅದ್ದಿದ್ರೆ ನೀನೇನು ಮುಳುಗೋದಿಲ್ಲ. ಹಾಕ್ಕೋ!”

ಮೇಲಿನ ಮನೆಯಲ್ಲಿ ಇಪ್ಪತ್ತು ಜನ. ಎಲ್ಲರೂ ಬೂಟು ಬಿಚ್ಚಿ, ಕೋಟುಗಳನ್ನು ಸ್ನಾನದ ತೊಟ್ಟಿಗೆ ತುಂಬಿ, ಜಮಖಾನೆಯ ಮೇಲೆ ಕೂತಿದ್ದರು, ಕೆಲವರು ಮಲಗಿಯೇಬಿಟ್ಟಿದ್ದರು. ಮಿಸೆಸ್ ಪ್ರೆಂಟಿಸ್ ಎಂಬ ಆ ದೊಡ್ಡ ಮನುಷ್ಯಳು, ನನ್ನಷ್ಟೇ ವಯಸ್ಸು, ಬೂದು ಸ್ಕರ್ಟನ್ನು ಕಾಲಿಗೆ ಸುತ್ತಿಕೊಂಡು ಶವದ ಹಾಗೆ ಅಂಗಾತ ಮಲಗಿ ಕಣ್ಣು ಮುಚ್ಚಿದ್ದಳು. ಇಡೀ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ವಾರೆನ್ ನನ್ನ ಕೈ ಹಿಡಿದು ಕರೆದೊಯ್ದು, ಪೈಪಿನ ಪಕ್ಕದಲ್ಲಿಟ್ಟಿದ್ದ ಆ ಕುರ್ಚಿಯಲ್ಲಿ ಕೂರಿಸಿದ. ಮುದುಕಿಯ ಮಂಡಿಗೆ ಶಾಖ ಸಿಗಲೆಂದು ಎಷ್ಟು ಯೋಚನೆ ನೋಡಿ ಎಂದು ಕರಗಿದೆ.

ಆಮೇಲೆ ಜನರ ಕಡೆ ತಿರುಗಿ, “ನಾನು ಶುರು ಮಾಡ್ತೀನಿ. ಮುಂದಕ್ಕೆ ಯಾವಾಗ ಹೋಗ್ಬೇಕು ಅನ್ನೋದು ನನ್ನ ಕೈಲಿಲ್ಲ” ಎಂದು ಹೇಳಿ, ನನ್ನತ್ತ ನೋಡಿ ತಲೆಬಾಗಿಸಿದ. ನಾನೂ ತಲೆಬಾಗಿಸಿದೆ. ಮರ್ಯಾದೆಗೆ ಮರ್ಯಾದೆ.

ಅಷ್ಟರಲ್ಲಿ ಬಾಗಿಲಲ್ಲಿ ಪಾನಿ ತೆಕ್ಲಾ! ಹಿಂದೆ ಇನ್ನಿಬ್ಬರು. ಮೂವರೂ ಚರ್ಚಿಗೆ ಉಡುವ ಉಡುಪಿನಲ್ಲಿ, ತೆಕ್ಲಾಳ ಕೈಯಲ್ಲಿ ಆರನೇ ಬಾಟಲಿ. ಲ್ಯೂಬಾ ಬೇಕರಿಯ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಓದಿ, ಹುಡುಗನ ಬೆರಳು ಈಗ ಹೇಗಿದೆಯೆಂದು ನೋಡಲು ಬಂದಿದ್ದರು. ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಫೆಬ್ರವರಿಯಲ್ಲೂ ನನ್ನ ಬೆನ್ನಲ್ಲಿ ಬೆವರಿಳಿಯಿತು.

ವಾರೆನ್ ಶುರು ಮಾಡಿದ. ಎಡಗೈ ನಾಲ್ಕು, ಬಲಗೈ ಐದು.

ಮೊದಲ ಹತ್ತು ನಿಮಿಷ ಯಾರೂ ಉಸಿರಾಡಲಿಲ್ಲ. ಇಪ್ಪತ್ತು ನಿಮಿಷಕ್ಕೆ ಒಬ್ಬ ಕೆಮ್ಮಿದ. ಅರ್ಧ ಗಂಟೆಗೆ ಗಡ್ಡದವನೊಬ್ಬ ಎದ್ದು, ತೊಟ್ಟಿಯಲ್ಲಿ ತನ್ನ ಕೋಟು ಹುಡುಕತೊಡಗಿದ. ಅದು ಎಲ್ಲಕ್ಕಿಂತ ಕೆಳಗಿತ್ತು. ನಾಲ್ಕು, ಐದು. ನಾಲ್ಕು, ಐದು. ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಒಂದು ಸಲವಾದರೂ ಬದಲಾಗಿರುತ್ತಿತ್ತು. ಮುಕ್ಕಾಲು ಗಂಟೆ. ಇಬ್ಬರು ಎದ್ದೇ ಹೋದರು. ವಾರೆನ್ ಹಣೆಯಿಂದ ಬೆವರ ಹನಿಯೊಂದು ಪಿಯಾನೊದ ಬಿಳಿ ಮಣೆಯ ಮೇಲೆ ಬಿತ್ತು. ಅವನು ಕತ್ತು ಹೊರಳಿಸಿ ಪೈಪನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ನೋಟ ನನಗೆ ಗೊತ್ತಿತ್ತು. ಹಾಲು ಕರೆಯುವ ಹೊತ್ತು ಮೀರಿದಾಗ ನಮ್ಮ ಹಸು ನೋಡುತ್ತಿದ್ದದ್ದು ಹಾಗೇ. ನಾನು ಏನು ತಿಳಿದುಕೊಂಡೆ ಗೊತ್ತೇ? ಧೈರ್ಯ ಕೇಳುತ್ತಿದ್ದಾನೆಂದು. ಮುಖ ತುಂಬ ನಕ್ಕು, ಕೈಯೆರಡನ್ನೂ ಮಡಿಲಲ್ಲಿ ಇನ್ನೂ ಬಿಗಿಯಾಗಿ ಕಟ್ಟಿಕೊಂಡು, ‘ನೋಡಪ್ಪ, ಎಷ್ಟು ಸುಮ್ಮನಿದ್ದೀನಿ’ ಎಂದು ಕಣ್ಣಲ್ಲೇ ಹೇಳಿದೆ.

ಒಂದು ಗಂಟೆ ಕಳೆಯಿತು. ತೆಕ್ಲಾ ಪಿಸುಗುಟ್ಟಿದಳು. ಆದರೆ ಅವಳ ಪಿಸುಮಾತು ಹಡಗಿನ ಸಿಳ್ಳೆ. “ಪಾಪ, ಇವತ್ತು ಜೋರಾಗಿ ಹಿಡ್ಕೊಂಡಿದೆ ಕಣೇ. ಬಿಡಿಸ್ಕೊಳ್ಳೋಕೇ ಆಗ್ತಿಲ್ಲ.”

ಮಿಸೆಸ್ ಪ್ರೆಂಟಿಸ್ ಒಂದು ಕಣ್ಣು ತೆರೆದಳು. ಆ ಕಣ್ಣು ಮೊದಲು ತೆಕ್ಲಾಳನ್ನು, ಆಮೇಲೆ ನನ್ನನ್ನು, ಕೊನೆಗೆ ಗೋಡೆ ಗಡಿಯಾರವನ್ನು ನೋಡಿತು. ಮುಚ್ಚಲಿಲ್ಲ. ಲ್ಯೂಬಾ ಬಾಗಿಲ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತು ಅಳುತ್ತಿದ್ದಳು. ನೆಲವೇ, ಬಾಯಿಬಿಡು ಎಂದುಕೊಂಡೆ. ಬಿಟ್ಟಿದ್ದರೂ ಬೀಳುವುದು ನನ್ನ ಅಡುಗೆಮನೆಗೇ ತಾನೇ!

ಆಗ ಕೆಳಗಿನಿಂದ, ಭೂಮಿಯ ಹೊಟ್ಟೆಯಿಂದಲೇ ಎಂಬಂತೆ, ನನ್ನ ಪಕ್ಕದ ಪೈಪು ನುಡಿಯಿತು.

ಟಣ್!

ಓಸಿಪ್. ಸ್ಪ್ಯಾನರಿನಿಂದ. ಊಟ ಎಲ್ಲಿ ಎಂದು ಕೇಳುತ್ತಿದ್ದಾನೆ.

ಪಾಪಿ, ಎಲ್ಲ ಹಾಳು ಮಾಡಿದ ಎಂದು ನಾನು ಎದೆ ಹಿಡಿದುಕೊಳ್ಳುವಷ್ಟರಲ್ಲಿ ವಾರೆನ್‌ನ ಬಲಗೈ ಹೊರಳಿತು. ಐದು ಇದ್ದದ್ದು ಏಳಾಯಿತು. ಬಿಗಿದುಕೊಂಡಿದ್ದ ಕಿಟಕಿ ತೆರೆದಂತೆ ಕೋಣೆಯೊಳಗೆ ಏನೋ ನುಗ್ಗಿತು. ಮಲಗಿದ್ದವರು ‘ಹಾ’ ಎಂದರು. ಮಿಸೆಸ್ ಪ್ರೆಂಟಿಸ್ ಎದ್ದು ಕೂತಳು.

ಟಣ್ ಟಣ್! ಎಡಗೈ ಆಳಕ್ಕಿಳಿಯಿತು.

ಆಗ ನನಗೆ ಎರಡು ವರ್ಷ ಒಟ್ಟಿಗೆ ಕೇಳಿಸಿತು. ಪ್ರತಿ ಊಟ, ಪ್ರತಿ ಚಳಿ, ಬಾಗಿಲಿಗೆ ಬಂದ ಪ್ರತಿ ನೆಂಟ. ನನ್ನ ಸೌಟು ಬಿದ್ದದ್ದು, ಮೇಲೆ ಸ್ವರ ಹೊರಳಿದ್ದು. ಮೂರನೇ ಮಹಡಿಯವನ ಬಲಗಾಲು ಕೇಳಿಸಿದ ಕಿವಿಗೆ ತನ್ನದೇ ಕೈಯ ಸದ್ದು ಕೇಳಿಸಿರಲಿಲ್ಲ. ಮನೆಗೆ ಕಿವಿ ಇದೆ ಎಂದು ಹುಡುಗ ಹೇಳಿದ್ದ. ಆ ಮನೆ ನಾನು! ಇವತ್ತು ಮನೆ ಸೌಟನ್ನು ಮಂಚದ ಕೆಳಗೆ ಬಚ್ಚಿಟ್ಟು, ಮುಖ ತುಂಬ ನಗುತ್ತ ಕೂತಿತ್ತು.

ಅತ್ತ ಓಸಿಪ್‌ನ ಹಸಿವು ರುದ್ರರೂಪ ತಾಳಿತ್ತು. ಟಣ್ ಟಣ್ ಟಣ್! ಅದಕ್ಕೂ ಉತ್ತರವಿಲ್ಲದೆ ಟಣಟಣಟಣ ಎಂದು ಸುರಿಸತೊಡಗಿದ. ವಾರೆನ್ ಬೆನ್ನಟ್ಟಿದ. ಸ್ವರಗಳು ಮೇಲೆ, ಕೆಳಗೆ, ಮತ್ತೆ ಮೇಲೆ. ಬಿಟ್ಟುಕೊಟ್ಟು, ಮತ್ತೆ ಹಿಡಿದು. ನನ್ನ ಕುರ್ಚಿ ನಡುಗುತ್ತಿತ್ತು. ಇದ್ದಕ್ಕಿದ್ದಂತೆ ಪೈಪು ನಿಂತಿತು. ಪಿಯಾನೊ ಒಂದೇ ಸ್ವರದ ಮೇಲೆ ನಿಂತು ಕಾಯಿತು. ಮೆಟ್ಟಿಲ ಮೇಲೆ ಭಾರವಾದ ಬೂಟು, ಒಂದು, ಎರಡು, ಮೂರು. ಪ್ರತಿ ಬೂಟಿಗೂ ಒಂದೊಂದು ಸ್ವರ. ಬಾಗಿಲು ದಡಾರನೆ ತೆರೆಯಿತು. ಬನಿಯನ್ನು, ಮಸಿ ಮುಖ, ಕೈಯಲ್ಲಿ ಸ್ಪ್ಯಾನರ್.

“ಯೂಸ್ತಾ! ಬದುಕಿದ್ದೀಯಾ? ನನ್ನ ಊಟ ಎಲ್ಲಿ?”

ವಾರೆನ್ ಎರಡೂ ಕೈಯಿಂದ ಕೊನೆಯ ಸ್ವರ ಹಾಕಿದ. ಅದು ಮೆಲ್ಲಗೆ ಆರಿಹೋಯಿತು. ಆಮೇಲೆ ಚಪ್ಪಾಳೆ. ಕೋಟು ಹುಡುಕುತ್ತಿದ್ದ ಗಡ್ಡದವನು ತೊಟ್ಟಿಯೊಳಗೇ ನಿಂತು ಚಪ್ಪಾಳೆ ತಟ್ಟಿದ.

ಮಿಸೆಸ್ ಪ್ರೆಂಟಿಸ್ ಬರಿಗಾಲಲ್ಲಿ ಹೋಗಿ ಓಸಿಪ್‌ನ ಮಸಿಗೈ ಹಿಡಿದುಕೊಂಡಳು. “ಒಂದು ಗಂಟೆ ಕಾಯಿಸಿದ್ರಲ್ಲ! ಎಂಥ ಎದೆಗಾರಿಕೆ! ನೀವಿಬ್ಬರೂ ಎಷ್ಟು ವರ್ಷದಿಂದ ಜೊತೆಗಿದ್ದೀರಿ?”

ಓಸಿಪ್ ನನ್ನ ಕಡೆ ಬೆರಳು ಮಾಡಿ, “ನಲವತ್ತೊಂದು. ಒಂದು ದಿನವೂ ಊಟ ತಡ ಆಗಿರ್ಲಿಲ್ಲ” ಎಂದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮೆಲ್ಲಗೆ ಕೆಳಗಿಳಿದು ಹೋಗುತ್ತಿದ್ದೆ. ಪಾನಿ ತೆಕ್ಲಾ ಬಿಡಬೇಕಲ್ಲ! ಅವಳು ಎದ್ದು ನಿಂತು, ಶಿಲುಬೆಯ ಗುರುತು ಹಾಕಿಕೊಂಡು, ಬಾಟಲಿಯನ್ನು ಎತ್ತಿ ಹಿಡಿದಳು. “ದೇವರು ದೊಡ್ಡೋನು! ಕಣ್ಣಾರೆ ನೋಡಿದ್ವಿ, ಬೆರಳು ಬಿಟ್ಕೊಂಡ್ವು! ಮಗನೇ, ಇನ್ನೊಂದು ತಿಂಗಳು ಬಿಡದೆ ಹಚ್ಚು. ನಿನ್ನ ಅತ್ತೆ ಎರಡು ವರ್ಷದಿಂದ ನಿನ್ನ ಕಾಯಿಲೆಗೆ ಎಷ್ಟು ಕಣ್ಣೀರು ಹಾಕಿದಾಳೆ ಗೊತ್ತಾ?”

“ಯಾವ ಕಾಯಿಲೆ?” ಎಂದ ವಾರೆನ್.

ಕೋಣೆಯೆಲ್ಲ ನನ್ನ ಕಡೆ ತಿರುಗಿತು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ, ಒಂದು ಕಡೆ ಪೈಪು, ಇನ್ನೊಂದು ಕಡೆ ತೆಕ್ಲಾ.

“ನೀನು ನುಡಿಸೋದನ್ನ ಜನಕ್ಕೆ ಏನಂತ ಹೇಳೋದು ಅಂತ ಗೊತ್ತಾಗ್ಲಿಲ್ಲಪ್ಪ. ನಾಚಿಕೆಯಾಯ್ತು. ಬೆರಳಿಗೆ ಕಾಯಿಲೆ ಅಂದುಬಿಟ್ಟೆ.”

ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮಣೆಯ ಮೇಲಿದ್ದ ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡು ಮೆಲ್ಲಗೆ ಕೇಳಿದ: “ಆದ್ರೆ ನೀವು ತಟ್ತಿದ್ರಲ್ಲ ಮಾಮೊ. ಎಷ್ಟು ಸರಿಯಾಗಿ ತಟ್ತಿದ್ರಿ. ಈ ಊರಲ್ಲಿ ನನ್ನನ್ನ ನಿಜವಾಗಿ ಕೇಳೋರು ನೀವೊಬ್ರೇ ಅಂದ್ಕೊಂಡಿದ್ದೆ.”

“ಅದು...” ಎಂದೆ. “ಅದು ಇವನನ್ನ ಊಟಕ್ಕೆ ಕರೀತಿದ್ದದ್ದು.”

ಮೊದಲು ನಕ್ಕದ್ದು ಮಿಸೆಸ್ ಪ್ರೆಂಟಿಸ್. ಆಮೇಲೆ ಎಲ್ಲರೂ. ಕೊನೆಗೆ ವಾರೆನ್ ಕೂಡ ಪಿಯಾನೊ ಮೇಲೆ ತಲೆಯಿಟ್ಟು ಭುಜ ಕುಣಿಸಿ ನಕ್ಕ. ನಗದೇ ಇದ್ದವರು ಮೂವರು: ನಾನು, ಹಸಿದ ಓಸಿಪ್, ಮತ್ತು ಇನ್ನೂ ಬಾಟಲಿ ಎತ್ತಿ ಹಿಡಿದೇ ನಿಂತಿದ್ದ ತೆಕ್ಲಾ.

ಕೆಲಸ ಸಿಕ್ಕಿತು. ಹಂದಿ ತಪ್ಪಿತು. ಆದರೆ ಕಾಲೇಜಿನಿಂದ ಬಂದ ಕಾಗದದಲ್ಲಿ ಒಂದು ಸಾಲು ಜಾಸ್ತಿ ಇತ್ತು: ಮೊದಲ ದಿನದ ಕಛೇರಿಗೆ ‘ನೆಲಮಾಳಿಗೆಯ ಆ ಕಲಾವಿದರನ್ನೂ’ ಕರೆತರಬೇಕು. ಅವತ್ತಿನಿಂದ ನನ್ನ ಮನೆಯಲ್ಲಿ ಇಬ್ಬರು ವಿದ್ವಾಂಸರು. ಓಸಿಪ್ ಹೊಸ ಟೈ ತಂದಿದ್ದಾನೆ. ಬಾಯ್ಲರ್ ಮುಂದೆ ಕೂತು ದೊಡ್ಡ ಸ್ಪ್ಯಾನರ್, ಚಿಕ್ಕ ಸ್ಪ್ಯಾನರ್ ಎಂದು ನಾದ ನೋಡುತ್ತಾನೆ. ಒಂದು ಕಿವಿ ಕೇಳದ ಮನುಷ್ಯ ಮೊನ್ನೆ ನನಗೆ ಹೇಳಿದ: “ನಿನ್ನ ಏಟಿನಲ್ಲಿ ಅವಸರ ಇತ್ತು ಯೂಸ್ತಾ. ನೀನು ಬರೀ ಊಟದ ಮೇಲೆ ಗಮನ ಇಟ್ಟಿದ್ದೆ.”

ಶುಕ್ರವಾರ ಹದಿಮೂರು ಹೆಂಗಸರ ಮುಂದೆ ನಿಂತು ನಿಜ ಒಪ್ಪಿಕೊಂಡೆ. ತೆಕ್ಲಾ ಹಿಟ್ಟು ನಾದುತ್ತಲೇ ತಳ್ಳಿಹಾಕಿದಳು. “ಕಾಯಿಲೆ ಇರ್ಲಿಲ್ಲ ಅಂದ್ರೆ ವಾಸಿ ಹೇಗಾಯ್ತು? ಸುಮ್ಮನಿರೇ.” ಸುಳ್ಳಿಗೆ ಕ್ಷಮೆ ಸಿಗುವುದು ಸುಲಭ, ನಿಜಕ್ಕೆ ಗಿರಾಕಿ ಸಿಗುವುದು ಕಷ್ಟ.

ವಾರೆನ್ ಮಾತ್ರ ಮೊದಲಿನ ಹಾಗೇ ಇದ್ದಾನೆ. “ನೀವು ಏನೂ ಯೋಚಿಸ್ಬೇಡಿ ಮಾಮೊ. ಊಟ ಆದಾಗ ಕರೀರಿ, ಅಷ್ಟೆ” ಎನ್ನುತ್ತಾನೆ. ಹೇಳುವುದು ಸುಲಭ. ಗೊತ್ತಾದ ಮೇಲೆ ಕೈ ಏಳಬೇಕಲ್ಲ! ಮೂರು ವಾರದಿಂದ ಪೈಪು ಮುಟ್ಟಿಲ್ಲ. ಮಂಡಿ ಹಿಡಿದುಕೊಂಡು ನೆಲಮಾಳಿಗೆಗೆ ನಾನೇ ಇಳಿದು ಹೋಗಿ ಓಸಿಪ್‌ನನ್ನು ಕರೆಯುತ್ತೇನೆ.

ಇವತ್ತು ಬೆಳಿಗ್ಗೆಯಿಂದ ಮೇಲೆ ಒಂದೇ ನಡೆಯುತ್ತಿದೆ. ಎಡಗೈ ಮೂರು, ಬಲಗೈ ಏಳು. ಅವನು ಕಾಯುತ್ತಿದ್ದಾನೆಂದು ನನಗೆ ಗೊತ್ತು. ಆಲೂಗಡ್ಡೆ ಬೇಯಲು ಇಟ್ಟು ಕೇಳುತ್ತ ನಿಂತೆ. ಇಪ್ಪತ್ತೊಂದನೇ ಏಟು ಕಳೆದು ಎರಡು ಕೈಯೂ ಬಾಗಿಲಿಗೆ ಬಂದವು. ಈಗ ಎಂದುಕೊಂಡೆ, ಬೇಡ, ಇನ್ನೊಂದು ಸುತ್ತು ಎಂದುಕೊಂಡೆ. ಇನ್ನೊಂದು ಸುತ್ತು. ಇನ್ನೂ ಒಂದು. ಒಂದು ಸ್ವರದ ಹೊಟ್ಟೆಯಿಂದ ಇನ್ನೊಂದು ಮೆಲ್ಲಗೆ ತಲೆ ಹೊರಗೆ ಹಾಕಿತು. ಹುಡುಗ ಸುಳ್ಳು ಹೇಳಿರಲಿಲ್ಲ. ಪಾತ್ರೆಯ ನೀರು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು. ನೋಡಿದರೆ ಆಲೂಗಡ್ಡೆ ಕರಗಿ ಗಂಜಿಯಾಗಲು ಇನ್ನೇನೂ ಉಳಿದಿಲ್ಲ. ಸೌಟು ತೆಗೆದು ಪೈಪಿಗೆ ಒಂದು ಏಟು ಕೊಟ್ಟೆ.

ಮೇಲೆ ಸ್ವರ ಹೊರಳಿತು.

ಕೆಳಗಿನಿಂದ ಕಲಾವಿದರ ದನಿ ಬಂತು: “ತಡ ಆಯ್ತು!”

ನಾನು ನೀರು ಬಸಿದು, ಉಪ್ಪು ಹಾಕಿ, ಆಲೂಗಡ್ಡೆ ಹಿಸುಕತೊಡಗಿದೆ.